ಆಚೆ ದಡಕ್ಕೆ ಕೂಗುವ ಕೆಲಸ

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಹಿರಿಯರೊಬ್ಬರು ನನ್ನನ್ನು ಈಗಲೂ "ಅರ್ಜೆಂಟೀನಾದ ಡಿಫೆಂಡರ್" ಎಂದೇ ನಾಲ್ಕು ಜನರಿಗೆ ಪರಿಚಯಿಸುತ್ತಾರೆ. ನಾನು ಹೊಸಪೇಟೆಯವಳು. ಅರ್ಜೆಂಟೀನಾವನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದೇನೆ. ತಿದ್ದಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ತಿದ್ದಲು ನಾಲ್ಕು ವಾಕ್ಯಗಳಾದರೂ ಬೇಕು, ನಾನು ಮೊದಲನೆಯದನ್ನು ಜೋಡಿಸುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.

ಹದಿನಾಲ್ಕು ವರ್ಷ ಫುಟ್‌ಬಾಲ್ ಡಿಫೆಂಡರ್ ಆಗಿದ್ದೆ. ಕಾಲೇಜು ತಂಡ, ರಾಜ್ಯ ತಂಡ, ಕೊನೆಗೆ ಐದು ಪಂದ್ಯಗಳಿಗೆ ದೇಶದ ತಂಡ. ಮೂವತ್ತೊಂದನೇ ವಯಸ್ಸಿಗೆ ಬಲ ಮೊಣಕಾಲು ನಿವೃತ್ತಿ ಘೋಷಿಸಿತು, ನಾನು ಅದನ್ನು ಹಿಂಬಾಲಿಸಿದೆ. ಗೆದ್ದದ್ದರ ಪಟ್ಟಿ ಇಲ್ಲಿಲ್ಲ. ಬೂಟುಗಳ ಲೇಸು ಕಟ್ಟಿ ಹೆಗಲಿಗೆ ಇಳಿಬಿಟ್ಟುಕೊಂಡು ಬೆಳಿಗ್ಗೆ ಹೊಸಪೇಟೆಯ ಮೈದಾನಕ್ಕೆ ಬರುವ ಹುಡುಗಿಯರಿಗೆ, ಅದರಲ್ಲೂ ಹಿಂದಿನ ಸಾಲಿನಲ್ಲಿ ಆಡುವವರಿಗೆ, ಕೆಲಸ ನಿಜವಾಗಿ ಹೇಗಿತ್ತು ಎಂದು ಹೇಳುವುದಷ್ಟೇ ಉದ್ದೇಶ.

ಡಿಫೆಂಡರ್ ಎಂದರೆ ಚೆಂಡು ತಡೆಯುವವಳು ಎಂದುಕೊಂಡು ಬಂದವಳು ನಾನು. ಮಾತು ಕಡಿಮೆ ಬೇಕಾಗುವ ಕೆಲಸ ಎಂಬುದೇ ನನಗೆ ಆಕರ್ಷಣೆಯಾಗಿತ್ತು. ಮನೆಯಲ್ಲಿ ನೆಂಟರು ಬಂದರೆ ಪುಸ್ತಕ ಹಿಡಿದು ಮಹಡಿ ಹತ್ತುತ್ತಿದ್ದ ಹುಡುಗಿ ನಾನು. ಬಸ್ಸಿನಲ್ಲಿ "ಇಳಿಯಬೇಕು" ಎನ್ನಲು ನಾಚಿ ಮುಂದಿನ ಸ್ಟಾಪಿನವರೆಗೂ ಹೋಗಿ ನಡೆದು ಬಂದದ್ದಿದೆ. ಅಂಥವಳು ಹುಡುಕಿ ಹುಡುಕಿ ಆರಿಸಿಕೊಂಡ ವೃತ್ತಿ, ತೊಂಬತ್ತು ನಿಮಿಷ ಬಿಡದೆ ಕೂಗುವ ವೃತ್ತಿ.

ನಮ್ಮ ಮೊದಲ ಕೋಚ್ ತಿಪ್ಪೇಸ್ವಾಮಿ ಮೇಷ್ಟ್ರು. ದೈಹಿಕ ಶಿಕ್ಷಕರು. ಹೊಟ್ಟೆ ಮುಂದೆ, ಸೀಟಿ ಅದಕ್ಕಿಂತ ಮುಂದೆ. ಕಾಲೇಜಿನಲ್ಲಿ ಹುಡುಗಿಯರ ತಂಡ ಕಟ್ಟಿದಾಗ ಜೆರ್ಸಿ ತರಲು ಅವರೇ ಪೇಟೆಗೆ ಹೋದರು. ವಿಶ್ವಕಪ್ ಮುಗಿದು ಸ್ವಲ್ಪ ದಿನವಾಗಿತ್ತು. ಅಂಗಡಿಯಲ್ಲಿ ಮಿಕ್ಕಿದ್ದದ್ದು ಬಿಳಿ ಮತ್ತು ತಿಳಿನೀಲಿ ಪಟ್ಟೆಯ ಅರ್ಜೆಂಟೀನಾ ಜೆರ್ಸಿಗಳು, ಅವೂ ಒಂದೇ ನಂಬರಿನವು. ಮೇಷ್ಟ್ರು ಹದಿನೈದು ತಂದರು. ಹದಿನೈದರ ಬೆನ್ನಿನ ಮೇಲೂ ಹತ್ತು.

ಮೊದಲ ಪಂದ್ಯ ಕಂಪ್ಲಿಯಲ್ಲಿ. ನಾವು ವ್ಯಾನಿನಿಂದ ಇಳಿಯುತ್ತಿದ್ದಂತೆ ಗದ್ದೆ ಬದಿ ನಿಂತಿದ್ದವರು "ಅರ್ಜೆಂಟೀನಾದೋರು ಬಂದ್ರು ಲೇ!" ಎಂದು ಕೂಗಿದರು. ಆ ಹೆಸರು ಅಂಟಿದ್ದು ಅಲ್ಲಿ. ಇಪ್ಪತ್ತನೇ ನಿಮಿಷಕ್ಕೆ ನಮ್ಮ ಗೋಲ್‌ಕೀಪರ್ ಶಂಕ್ರಮ್ಮನಿಗೆ ರೆಫರಿ ಹಳದಿ ಕಾರ್ಡ್ ತೋರಿಸಿ ಚೀಟಿಯಲ್ಲಿ "10" ಎಂದು ಬರೆದುಕೊಂಡರು. ಶಂಕ್ರಮ್ಮ ಬಂಡ್ರಿಯವಳು. ಎದುರಾಳಿಯ ಯೋಗಕ್ಷೇಮ ವಿಚಾರಿಸುತ್ತಲೇ ಅವಳ ಮೇಲೆ ಬೀಳುವ ಸ್ವಭಾವದವಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳಿಗೆ ಹಳದಿ. ರೆಫರಿ ಚೀಟಿ ನೋಡಿದರು, ಹತ್ತಕ್ಕೆ ಎರಡು ಹಳದಿಯಾಗಿದೆ. ಕೆಂಪು ಕಾರ್ಡ್ ಎತ್ತಿ, "ಹತ್ತು ನಂಬರ್, ಹೊರಗೆ!" ಎಂದರು.

ಹನ್ನೊಂದು ಜನರೂ ನಿಂತೆವು.

"ಯಾವ ಹತ್ತು, ಸಾರ್?" ಎಂದರು ಮೇಷ್ಟ್ರು ಗೆರೆಯ ಆಚೆಯಿಂದ.

"ತಪ್ಪು ಮಾಡಿದ ಹತ್ತು, ಸಾರ್."

"ಹಂಗಾದ್ರ ಎಲ್ಲಾರೂ ಹೋಗ್ಬೇಕಾಗ್ತೈತಿ, ತಡೀರಿ."

ಯಾರೂ ಹೊರಗೆ ಹೋಗಲಿಲ್ಲ. ಮುಂದಿನ ಪಂದ್ಯಕ್ಕೆ ಮೇಷ್ಟ್ರು ಕಪ್ಪು ಟೇಪಿನಿಂದ ಹತ್ತರ ಕೆಳಗೆ ಅ, ಆ, ಇ, ಈ ಅಂಟಿಸಿದರು. ಎರಡು ವರ್ಷ ನನ್ನ ನಂಬರು "ಹತ್ತು ಈ".

ಆ ಪಂದ್ಯದಲ್ಲಿ ಸೋತೆವು, ಸೋಲಿಸಿದವಳು ನಾನು. ಇದಕ್ಕೆ ಆಫ್‌ಸೈಡ್ ನಿಯಮವನ್ನು ಸ್ವಲ್ಪ ಹೇಳಬೇಕು. ಚೆಂಡನ್ನು ಮುಂದಕ್ಕೆ ಒದ್ದ ಕ್ಷಣದಲ್ಲಿ ಎದುರಾಳಿ ನಮ್ಮ ಹಿಂದಿನ ಸಾಲನ್ನು ದಾಟಿ ಗೋಲಿನ ಕಡೆ ನಿಂತಿದ್ದರೆ ಅದು ಅವಳ ತಪ್ಪು, ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ಹಾಗಾಗಿ ನಾಲ್ವರು ಡಿಫೆಂಡರ್‌ಗಳು ಒಂದೇ ಕ್ಷಣಕ್ಕೆ ಎರಡು ಹೆಜ್ಜೆ ಮುಂದೆ ಸರಿದರೆ ಅವಳು ತಾನಾಗಿ ಬಲೆಗೆ ಬೀಳುತ್ತಾಳೆ. ನಾನು ಆಗಿನಿಂದಲೂ ಗಣಿತದವಳು, ಮುಂದೆ ಅದರಲ್ಲೇ ಎಂ.ಎಸ್ಸಿ. ಮಾಡಿದೆ. ಈ ನಿಯಮ ನನಗೆ ಮೊದಲ ದಿನದಿಂದಲೇ ಪ್ರಿಯ. ಒಂದು ಸರಳರೇಖೆ, ಒಂದು ಕ್ಷಣ. ಆ ಕ್ಷಣ ಯಾವುದೆಂದು ನನಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ಉಳಿದ ಮೂವರಿಗೆ ಅದನ್ನು ಕೂಗಿ ಹೇಳಬೇಕಾದವಳೂ ನಾನೇ. ಕಂಪ್ಲಿಯಲ್ಲಿ ಕ್ಷಣ ಬಂತು, ಎರಡು ಹೆಜ್ಜೆ ಸರಿದೆ. ಯಾರಿಗೂ ಹೇಳಲಿಲ್ಲ. ಉಳಿದ ಮೂವರು ಅಲ್ಲೇ ಇದ್ದರು, ಎದುರಾಳಿ ಆರಾಮವಾಗಿ ಗೋಲು ಹೊಡೆದಳು.

ವ್ಯಾನಿನಲ್ಲಿ ಮೇಷ್ಟ್ರು ಹಿಂದಕ್ಕೆ ತಿರುಗಿ ಕುಳಿತು ಹೇಳಿದರು: "ನಾಕು ಮಂದಿ ಮುಂದ ಹೋದ್ರ ಅದು ಆಫ್‌ಸೈಡ್ ಟ್ರ್ಯಾಪ್. ನೀ ಒಬ್ಬಾಕಿ ಹೋದ್ರ ವಾಕಿಂಗ್."

"ಬಾಯಾಗ ಏನರ ಇಟ್ಕೊಂಡಿರ್ತಾಳ್ರಿ ಸಾರ್?" ಎಂದಳು ಶಂಕ್ರಮ್ಮ. "ನಾ ಹಿಂದಿಂದ ಒದರಿ ಒದರಿ ಸಾಯ್ತೀನಿ, ಈಕಿ ತಿರುಗಿ ನೋಡಿ ನಗ್ತಾಳ."

ನಗುವುದು ಸಭ್ಯತೆ ಎಂದುಕೊಂಡಿದ್ದೆ.

ಎರಡು ತಿಂಗಳಿಗೆ ಸಂಡೂರಿನಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ಮೇಷ್ಟ್ರು ನೇರವಾಗಿ ಹೇಳಿಬಿಟ್ಟರು: "ಅಷ್ಟರಾಗ ನೀ ಕೂಗಿದ್ರ ಆಡಿಸ್ತೀನಿ, ಇಲ್ಲಂದ್ರ ಬೆಂಚ್ ಮ್ಯಾಲ ಕುಂದ್ರು. ಆಟ ಎಷ್ಟ್ ಚಲೋ ಇದ್ರೂ ಮೂಕಿ ನನಗ ಬ್ಯಾಡ." ಆ ಜಾಗ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಯಾರಿಗೂ ಹೇಳಿರಲಿಲ್ಲ. ತೊಂದರೆಯೇ ಅದು.

ಮೇಷ್ಟ್ರು ಕಂಡುಹಿಡಿದ ಔಷಧಿ ಹೊಳೆ. ಆಗ ಹಂಪಿಯ ತಳವಾರಘಟ್ಟದಲ್ಲಿ ತುಂಗಭದ್ರೆ ದಾಟಲು ಹರಿಗೋಲೊಂದೇ ದಾರಿ. ಬಿದಿರಿನ ದೊಡ್ಡ ಬುಟ್ಟಿಯಂಥ ದೋಣಿ ಅದು. ಅದನ್ನು ನಡೆಸುವ ಹನುಮಣ್ಣ ಬೆಳಿಗ್ಗೆ ಆನೆಗೊಂದಿಯ ಕಡೆಯ ದಡದಲ್ಲಿ ಇರುತ್ತಿದ್ದ. ಈಚೆಯವರಿಗೆ ದಾಟಬೇಕಿದ್ದರೆ ಕೂಗಿ ಕರೆಯಬೇಕು. "ಕ್ಲಾಸಿಗೆ ಮೊದ್ಲು ದಿನಾ ಹೋಗು. ಅವನ್ನ ಕರದು, ದಾಟಿ, ವಾಪಸ್ ಬಾ. ನೀನೇ ಕೂಗಬೇಕು. ಮಂದಿ ಕರದ ಹರಿಗೋಲು ಹತ್ತಿದ್ರ ಅದು ಲೆಕ್ಕಕ್ಕಿಲ್ಲ" ಎಂದು ಮೇಷ್ಟ್ರು ಅಪ್ಪಣೆ ಮಾಡಿದರು.

ಮೊದಲ ದಿನ ಮೊದಲ ಬಸ್ಸಿಗೆ ಹೋದೆ. ಕೈ ಕಟ್ಟಿಕೊಂಡು ಬಂಡೆಯ ಮೇಲೆ ನಿಂತೆ. ಆಚೆ ದಡದಲ್ಲಿ ಹನುಮಣ್ಣ ಬೀಡಿ ಸೇದುತ್ತಾ ಕುಳಿತದ್ದು ಕಾಣುತ್ತಿತ್ತು. ನನ್ನ ಕಡೆಗೇ ಮುಖ. ಕೂಗಲು ಬಾಯಿ ತೆರೆದೆ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಬಾಯಿ ಮುಚ್ಚಿದೆ. ನಲವತ್ತು ನಿಮಿಷ ಹಾಗೇ ನಿಂತು ಕ್ಲಾಸಿಗೆ ಹೊತ್ತಾಯಿತೆಂದು ಹೊರಟೆ. ಎರಡನೇ ದಿನವೂ ಅದೇ. ಮೂರನೇ ದಿನ ಒಗೆಯುವವರಲ್ಲಿ ಒಬ್ಬಾಕೆ, "ಹರಕಿ ಹೊತ್ತಾಳನೋ ಏನೋ, ಪಾಪ, ಸುಮ್ನ ಬಿಡ್ರಿ" ಎಂದಳು. ಉಳಿದವರು ನನ್ನ ಕಡೆ ನೀರು ಸಿಡಿಯದಂತೆ ಗೌರವದಿಂದ ಒಗೆಯತೊಡಗಿದರು.

ನಾಲ್ಕನೇ ದಿನ ಅವರು ಯಾರೂ ಇರಲಿಲ್ಲ. ಹಿಂದೆ ಮುಂದೆ ನೋಡಿದೆ. ಕಣ್ಣು ಮುಚ್ಚಿದೆ. ಬಲಗೈ ಅದೇಕೋ ತಾನಾಗಿ ಮೇಲಕ್ಕೆ ಹೋಯಿತು, ಶಾಲೆಯಲ್ಲಿ ಉತ್ತರ ಗೊತ್ತಿದ್ದಾಗ ಹೋಗುತ್ತಿದ್ದಂತೆ. "ಹನುಮಣ್ಣಾ!" ಎಂದು ಕೂಗಿದೆ. ಬಂಡೆಗಳು ಅದನ್ನು ಎರಡು ಸಲ ವಾಪಸು ಹೇಳಿದವು. ಅಷ್ಟು ದೊಡ್ಡ ಧ್ವನಿ ನನ್ನೊಳಗೆ ಎಲ್ಲಿತ್ತೋ, ಹೆದರಿಕೆಯಾಯಿತು. ಕಣ್ಣು ತೆರೆದಾಗ ಹನುಮಣ್ಣ ಬೀಡಿ ಎಸೆದು ಹರಿಗೋಲು ನೀರಿಗೆ ನೂಕುತ್ತಿದ್ದ.

ಅಂದಿನಿಂದ ಎರಡು ತಿಂಗಳು ಪ್ರತಿದಿನ ಕರೆದೆ, ಪ್ರತಿದಿನ ಬಂದ. ಹನುಮಣ್ಣ ನನಗೆ ಭಾಳ ಹಿಡಿಸಿದ. ನನ್ನಂತೆಯೇ ಮಿತಭಾಷಿ. "ಇವತ್ತು ನೀರು ಜಾಸ್ತಿ ಐತೇನ್ರಿ?" ಎಂದು ಸೌಜನ್ಯಕ್ಕೆ ಕೇಳಿದರೆ "ಹ್ಞೂ." "ನಿನ್ನೆಗಿಂತ ಕಡಿಮೀನಾ?" "ಹ್ಞೂ." ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳಿಗೂ ಒಪ್ಪುವ ಇಂಥ ನಿರ್ಲಿಪ್ತತೆ ನನಗೆ ತತ್ತ್ವಜ್ಞಾನದಂತೆ ಕಂಡಿತು. ಮಾತಿನ ಹಂಗಿಲ್ಲದ ಸ್ನೇಹ ಎಂದುಕೊಂಡೆ.

ಮೈದಾನದಲ್ಲಿ ಒಂದು ತೊಡಕು ಎದುರಾಯಿತು. ಧ್ವನಿ ಬಂದಿತ್ತು, ಆದರೆ ಒಂದೇ ಮಾತಿಗೆ. "ಅಪ್" ಎಂದು ಕೂಗಲು ಹೋದರೆ ಧ್ವನಿ ಹೊರಡುತ್ತಿರಲಿಲ್ಲ. "ಮುಂದ" ಎಂದರೂ ಅಷ್ಟೇ. ಕ್ಷಣ ಬಂದಾಗ ಕೈ ಮೇಲಕ್ಕೆ, ಬಾಯಿಂದ "ಹನುಮಣ್ಣಾ!" ಮೊದಲ ದಿನ ಎಲ್ಲರೂ ಆಟ ನಿಲ್ಲಿಸಿ ಗೇಟಿನ ಕಡೆ ನೋಡಿದರು.

"ಯಾರ್ ಬಂದ್ರಲೇ?" ಎಂದಳು ಶಂಕ್ರಮ್ಮ.

ಮೇಷ್ಟ್ರು ಸ್ವಲ್ಪ ಹೊತ್ತು ಸೀಟಿ ಕಚ್ಚಿ ಯೋಚಿಸಿದರು. "ಹನುಮಣ್ಣ ಅಂದ್ರೇನು, ತಿಮ್ಮಣ್ಣ ಅಂದ್ರೇನು. ಈಕಿ ಹನುಮಣ್ಣ ಅಂದ್ಲಂದ್ರ ನಾಕೂ ಮಂದಿ ಎರಡು ಹೆಜ್ಜಿ ಮುಂದ. ತಿಳೀತಾ?" ತಿಳಿಯಿತು. ಮುಂದಿನ ಹದಿನಾಲ್ಕು ವರ್ಷ ಅದೇ ನಡೆಯಿತು.

ಸಂಡೂರಿನ ಆಯ್ಕೆಯ ದಿನವನ್ನು ಮರೆಯಲಾಗದು. ಅಲ್ಲಿನ ಮಣ್ಣು ಆಡಿದವರಿಗೇ ಗೊತ್ತು. ಅದಿರಿನ ಕೆಂಪು. ಅರ್ಧ ಆಟ ಮುಗಿಯುವಷ್ಟರಲ್ಲಿ ಎರಡೂ ತಂಡಗಳ ಜೆರ್ಸಿ ಒಂದೇ ಬಣ್ಣಕ್ಕೆ ಬರುತ್ತವೆ, ರೆಫರಿ ಕೂಡ ಅದೇ ಬಣ್ಣ. ಅದಕ್ಕೆ ಮೇಷ್ಟ್ರದು ಒಂದು ಪದ್ಧತಿ ಇತ್ತು. ಎದುರು ತಂಡ ಬಸ್ಸಿನಿಂದ ಇಳಿದು ಮೈದಾನಕ್ಕೆ ನಡೆದು ಬರುವುದನ್ನು ನಾವು ಸಾಲಾಗಿ ಕುಳಿತು ನೋಡಬೇಕು. "ಬಟ್ಟಿ ನೋಡಬ್ಯಾಡ್ರಿ, ನಡಿಗಿ ನೋಡ್ರಿ. ಬಟ್ಟಿ ಸಂಡೂರಾಗ ಅರ್ಧ ತಾಸು ಇರ್ತೈತಿ, ನಡಿಗಿ ಸಾಯೋತನ ಇರ್ತೈತಿ." ನಾನು ಇದಕ್ಕೊಂದು ನೋಟ್‌ಬುಕ್ ಇಟ್ಟಿದ್ದೆ. ಎಡಪಾದ ಹೊರಕ್ಕೆ. ಹಿಮ್ಮಡಿ ಎಳೆಯುತ್ತಾಳೆ. ಭುಜ ಮೊದಲು, ಕಾಲು ಆಮೇಲೆ. ಹನ್ನೊಂದು ಜನರ ಹನ್ನೊಂದು ನಡಿಗೆ ಬಾಯಿಪಾಠ. ಇಂದಿಗೂ ಮದುವೆ ಮನೆಯಲ್ಲಿ ಜನರ ಮುಖ ಮರೆತರೂ ಹಿಂದಿನಿಂದ ಬರುವ ಹೆಜ್ಜೆ ಕೇಳಿ ಯಾರೆಂದು ಹೇಳಬಲ್ಲೆ.

ಅರ್ಧ ಆಟದ ನಂತರ ನಮ್ಮದೇ ಕಡೆಯ ಬದಲಿ ಆಟಗಾರ್ತಿಯೊಬ್ಬಳು ಇಳಿದಳು. ತೋರಣಗಲ್ಲಿನವಳು, ತಂಡಕ್ಕೆ ಸೇರಿ ಎರಡು ದಿನವಾಗಿತ್ತು. ಇಡೀ ಮೈದಾನದಲ್ಲಿ ಒಗೆದು ಇಸ್ತ್ರಿ ಮಾಡಿದ ನೀಲಿ ಪಟ್ಟೆಯ ಜೆರ್ಸಿ ಅವಳೊಬ್ಬಳದೇ. ಕುರುಡರಿಗೂ ಅವಳು ಯಾವ ತಂಡವೆಂದು ತಿಳಿಯುತ್ತಿತ್ತು. ಆದರೆ ನನಗೆ ಬಟ್ಟೆ ನೋಡದಿರಲು ತರಬೇತಿಯಾಗಿತ್ತಲ್ಲ. ನಡಿಗೆ ನೋಡಿದೆ. ಪರಿಚಯದ ನಡಿಗೆಯಲ್ಲ. ಚೆಂಡು ಅವಳ ಕಾಲಲ್ಲಿತ್ತು. ಜಾರಿ ಹೋಗಿ ಚೆಂಡನ್ನೂ ಅವಳನ್ನೂ ಒಟ್ಟಿಗೆ ಕೆಡವಿದೆ. ತಾಂತ್ರಿಕವಾಗಿ ನನ್ನ ಜೀವನದ ಅತ್ಯುತ್ತಮ ಟ್ಯಾಕಲ್‌ಗಳಲ್ಲೊಂದು.

ರೆಫರಿ ಸೀಟಿ ಊದಿದರು. ಆಮೇಲೆ ಯಾರಿಗೆ ಫ್ರೀ ಕಿಕ್ ಕೊಡಬೇಕೆಂದು ತೋಚದೆ ಸೀಟಿಯನ್ನೇ ನೋಡುತ್ತಾ ನಿಂತರು.

"ನಮ್ಮಾಕೀನ ಅದಾಳಲೇ ಅಕಿ!" ಶಂಕ್ರಮ್ಮ ಗೋಲಿನಿಂದ ಕಿರುಚಿದಳು.

"ಗೊತ್ತಾಗಲಿಲ್ಲ" ಎಂದೆ.

"ಮುಂಜಾನಿ ಇಬ್ರೂ ಒಂದ ತಾಟಿನಾಗ ಮಂಡಕ್ಕಿ ಒಗ್ಗರಣಿ ತಿಂದೀರಿ!"

ಕುಳಿತು ತಿಂದಿದ್ದೆವು. ಅವಳು ನಡೆದದ್ದನ್ನು ನಾನು ನೋಡಿರಲಿಲ್ಲ.

ಮೇಷ್ಟ್ರು ಮುಖ ಮುಚ್ಚಿಕೊಂಡಿದ್ದರು. ಜಾಗ ಹೋಯಿತೆಂದೇ ತಿಳಿದೆ. ಹೋದದ್ದು ಹೇಗೂ ಹೋಯಿತಲ್ಲ ಎಂಬ ಧೈರ್ಯಕ್ಕೋ ಏನೋ, ಉಳಿದ ಅರ್ಧ ತಾಸು ಸಂಕೋಚವಿಲ್ಲದೆ ಕೈ ಎತ್ತಿ ಕೂಗಿದೆ. ಆರು ಸಲ ಹನುಮಣ್ಣನನ್ನು ಕರೆದೆ. ಆರು ಸಲವೂ ಎದುರಾಳಿ ಬಲೆಗೆ ಬಿದ್ದಳು. ಮುಗಿದ ಮೇಲೆ ಆಯ್ಕೆ ಸಮಿತಿಯ ಮೇಡಂ ಒಬ್ಬರು ಪಟ್ಟಿ ಹಿಡಿದು ಬಂದರು. "ಆ ಹನುಮಣ್ಣ ಯಾರಮ್ಮ? ನಮ್ಮ ಲಿಸ್ಟ್‌ನಲ್ಲಿ ಆ ಹೆಸರಿಲ್ಲ."

"ಹರಿಗೋಲಿನವರು."

"ಎಲ್ಲಿರ್ತಾರೆ?"

"ಬೆಳಿಗ್ಗೆ ಹೊತ್ತು ಆಚೆ ದಡದಲ್ಲಿ."

ಕೇಳಿದ್ದಕ್ಕೆ ನಿಖರವಾಗಿಯೇ ಉತ್ತರಿಸಿದ್ದೆ. ಅವರು ನನ್ನ ಹೆಸರಿನ ಮುಂದೆ ಗುರುತು ಹಾಕಿಕೊಂಡು ಹೋದರು.

ರಾಜ್ಯ ತಂಡದ ವರ್ಷಗಳನ್ನು ಬಿಟ್ಟುಬಿಡುತ್ತೇನೆ. ರೈಲು, ಶಾಲಾ ಕೊಠಡಿಗಳಲ್ಲಿ ಮಲಗುವುದು, ಮೂರು ಹೊತ್ತು ಅನ್ನ ಸಾರು, ಅಷ್ಟೇ. ದೇಶದ ಶಿಬಿರಕ್ಕೆ ಹೋದಾಗ ಪದ್ಧತಿಗಳೇ ಬೇರೆಯಾಗಿದ್ದವು. ನಡಿಗೆ ನೋಡುವ ಕೆಲಸ ವಿಡಿಯೋ ಮಾಡುತ್ತಿತ್ತು. ಜೆರ್ಸಿಯ ಒಳಗೆ ಒಂದು ಯಂತ್ರ ಕಟ್ಟುತ್ತಿದ್ದರು, ನಾವು ಎಷ್ಟು ಓಡಿದೆವೆಂದು ಅದು ಕಂಪ್ಯೂಟರಿಗೆ ಹೇಳುತ್ತಿತ್ತು. ಫೋನಿನಲ್ಲಿ ಅಮ್ಮನಿಗೆ ಇದನ್ನು ವಿವರಿಸಿದರೆ, "ಅಷ್ಟ್ ದೂರ ಕರಸ್ಕೊಂಡು ನಂಬಿಕಿ ಇಲ್ಲೇನು ನಿಮ್ಮ ಮ್ಯಾಲ?" ಎಂದಳು.

ಯಂತ್ರದ ಪ್ರಕಾರ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಓಡುವವಳು ನಾನು. ಶಿಬಿರದ ಕೋಚ್ ಕರೆದು ಕಾರಣ ಕೇಳಿದರು. ಸರಿಯಾದ ಜಾಗದಲ್ಲಿ ನಿಂತವಳು ಓಡಬೇಕಾಗಿಲ್ಲ ಎಂದೆ. ಅದು ನಾನು ಅಲ್ಲಿ ಆಡಿದ ಅತಿ ಉದ್ದದ ವಾಕ್ಯ, ಆಡಬಾರದಿತ್ತು. "ನಾಳೆಯಿಂದ ಓಡು" ಎಂದರು. ಮುಂದಿನ ಪಂದ್ಯದಲ್ಲಿ ಯಂತ್ರಕ್ಕೆ ಮರ್ಯಾದೆ ಕೊಟ್ಟು ಓಡಿದೆ. ನಾನು ಇರಬೇಕಾಗಿಲ್ಲದ ಒಂದು ಜಾಗಕ್ಕೆ ಪೂರ್ಣ ವೇಗದಲ್ಲಿ ತಲುಪಿದಾಗ, ಬದಿಯಿಂದ ಬಂದ ಚೆಂಡು ನನ್ನ ಮೊಣಕಾಲಿಗೆ ಬಡಿದು ನಮ್ಮದೇ ಗೋಲಿಗೆ ಹೋಯಿತು. ನನ್ನ ಅಂತಾರಾಷ್ಟ್ರೀಯ ಜೀವನದ ಏಕೈಕ ಗೋಲು ಅದು. ಯಂತ್ರ ಮಾತ್ರ ಅಂದು ತೃಪ್ತಿ ವ್ಯಕ್ತಪಡಿಸಿತು.

ಮಣಿಪುರ, ಒಡಿಶಾ, ಹರಿಯಾಣದಿಂದ ಬಂದ ಹುಡುಗಿಯರು ಎರಡೇ ದಿನಕ್ಕೆ ಹನುಮಣ್ಣನಿಗೆ ಹೊಂದಿಕೊಂಡರು. ಒಬ್ಬಳಂತೂ ಅದು ಕನ್ನಡದಲ್ಲಿ "ಮೇಲೆ" ಎಂಬರ್ಥದ ಪದವೆಂದು ತಿಳಿದು, ಲಿಫ್ಟಿನಲ್ಲಿ ಗುಂಡಿ ಒತ್ತುವವನಿಗೆ "ಹನುಮಣ್ಣ, ಪ್ಲೀಸ್" ಎಂದಿದ್ದಳು. ವಿಡಿಯೋ ನೋಡುವ ತಜ್ಞ ನನ್ನ ಬಗ್ಗೆ ಒಂದೇ ಆಕ್ಷೇಪ ಬರೆದಿದ್ದ: ಕೂಗುವ ಮೊದಲೇ ಬಲಗೈ ಎತ್ತುತ್ತಾಳೆ, ಅನವಶ್ಯಕ, ನಿಲ್ಲಿಸಬೇಕು. ಪ್ರಯತ್ನಿಸಿದೆ. ಕೈ ಕೆಳಗಿದ್ದರೆ ಧ್ವನಿಯೂ ಕೆಳಗೇ ಇರುತ್ತಿತ್ತು. ಬಿಟ್ಟುಬಿಟ್ಟೆ.

ಐದು ಪಂದ್ಯ ಮುಗಿಸಿ ಊರಿಗೆ ಬಂದಾಗ ಕಂಪ್ಲಿಯವರು ಸನ್ಮಾನ ಇಟ್ಟುಕೊಂಡರು, ಜೊತೆಗೆ ನಮ್ಮ ಹಳೆಯ ತಂಡಕ್ಕೆ ಬಳ್ಳಾರಿಯವರೊಂದಿಗೆ ಒಂದು ಪ್ರದರ್ಶನ ಪಂದ್ಯ. ಗಿರಣಿಯ ಹಿರಿಯರು ಅಂದಿನ ಅಧ್ಯಕ್ಷರು. ಬ್ಯಾನರಿನಲ್ಲಿ "ಅರ್ಜೆಂಟೀನಾ" ಎಂದೂ ಇತ್ತು. ಮೇಷ್ಟ್ರು ನನಗೆ ಹೇಳದೆ ಹನುಮಣ್ಣನನ್ನು ಕರೆತಂದು, ಮೈದಾನದ ಬದಿಯಲ್ಲೇ ಮೊದಲ ಸಾಲಿನ ಕುರ್ಚಿಯಲ್ಲಿ ಶಾಲು, ಮಾಲೆ ಸಹಿತ ಕೂರಿಸಿದ್ದರು. ಗೋಲಿನ ಹಿಂದೆ ಎರಡು ತಂಡ ತಾಷಾದವರು. ಕಿವಿ ತೂತಾಗುವಂಥ ಬಡಿತ. ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ.

ಕೊನೆಯ ಹತ್ತು ನಿಮಿಷ, ಎರಡೂ ಕಡೆ ಗೋಲಿಲ್ಲ. ಬಳ್ಳಾರಿಯವರು ಚೆಂಡು ಮುಂದಕ್ಕೆ ಒದೆಯುವ ಕ್ಷಣ. ಕೈ ಎತ್ತಿದೆ. "ಹನುಮಣ್ಣಾ!" ಸಾಲು ಸರಿಯಿತು. ಎದುರಾಳಿ ಎರಡು ಗಜ ಆಫ್‌ಸೈಡ್. ಜೀವನದ ಅತಿ ಸುಂದರ ಬಲೆ.

ಹನುಮಣ್ಣ ಕುರ್ಚಿಯಿಂದ ಎದ್ದ. ಶಾಲು ಕೊಡವಿಕೊಂಡ. ಮಾಲೆ ಸಮೇತ, ಗೆರೆ ದಾಟಿ, ನೇರವಾಗಿ ನನ್ನ ಕಡೆ ನಡೆದು ಬಂದ.

"ಬಂದೆ ತಡಿಯವ್ವಾ. ಎಲ್ಲಿಗೆ ಹೋಗಬೇಕು?"

"ಎಲ್ಲಿಗೂ ಇಲ್ರಿ! ಕುಂದ್ರಿ ಹೋಗ್ರಿ!"

"ಹ್ಞೂ" ಎಂದು ಪಕ್ಕದಲ್ಲೇ ನಿಂತುಕೊಂಡ.

ಬಳ್ಳಾರಿಯ ಹುಡುಗಿ ಅಷ್ಟರಲ್ಲಿ ಗೋಲು ಹೊಡೆದು ಮುಗಿಸಿದ್ದಳು. ಬಾವುಟ ಎತ್ತಬೇಕಿದ್ದ ಲೈನ್ಸ್‌ಮನ್ ಎತ್ತಿರಲಿಲ್ಲ. ರೆಫರಿ ಹೋಗಿ ಕೇಳಿದರೆ ಅವನು ಪ್ರಾಮಾಣಿಕವಾಗಿ, "ಸಾರ್, ಮಾಲಿ ಹಾಕಿದೋರು ಒಳಗ ಬಂದ್ರಲ್ರಿ, ಅವರನ್ನ ನೋಡ್ತಿದ್ದೆ" ಎಂದ. ಗೋಲು ಲೆಕ್ಕಕ್ಕೆ ಬಂತು. ಮೈಕಿನಲ್ಲಿ ಗಿರಣಿಯ ಹಿರಿಯರು, "ಅತಿಥಿಗಳು ಮೈದಾನಕ್ಕಿಳಿದು ಆಟಗಾರರನ್ನು ಆಶೀರ್ವದಿಸುತ್ತಿದ್ದಾರೆ" ಎಂದು ಘೋಷಿಸಿದರು. ಸನ್ಮಾನ ಸ್ವೀಕರಿಸಿದ ದಿನವೇ ಸೋತವಳೆಂದು ಶಂಕ್ರಮ್ಮ ನನ್ನನ್ನು ಹಂಗಿಸುವುದನ್ನು ಇಂದಿಗೂ ಬಿಟ್ಟಿಲ್ಲ.

ಒಂದನ್ನು ಮಾತ್ರ ನಾನು ಅಂದು ಯೋಚಿಸಲಿಲ್ಲ. ಆ ತಾಷಾದ ಗದ್ದಲದಲ್ಲಿ ಹನುಮಣ್ಣನಿಗೆ ನನ್ನ ಕೂಗು ಕೇಳಿಸಿದ್ದು ಹೇಗೆ? ನನ್ನ ಧ್ವನಿಯ ಬಗ್ಗೆ ನನಗೆ ಅಷ್ಟು ಅಭಿಮಾನ ಬೆಳೆದಿತ್ತು.

ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆಟ ಬಿಟ್ಟ ಮೇಲೆ ಹೊಸಪೇಟೆಯ ಹುಡುಗಿಯರ ತಂಡ ನೋಡಿಕೊಳ್ಳಲು ಒಪ್ಪಿಕೊಂಡೆ. ಹಿಂದಿನ ಸಾಲಿಗೆ ದರೋಜಿಯಿಂದ ಒಬ್ಬಳು ಬಂದಳು. ಹೆಸರು ಬರೆಯುವುದಿಲ್ಲ, ಅವಳಿಗೆ ಇಷ್ಟವಾಗದೆಂದು ನನಗೆ ಗೊತ್ತು. ಕ್ಷಣವನ್ನು ನನಗಿಂತ ಬೇಗ ಗುರುತಿಸುತ್ತಾಳೆ. ಬಾಯಿ ಬಿಡುವುದಿಲ್ಲ. ಒಬ್ಬಳೇ ಎರಡು ಹೆಜ್ಜೆ ಮುಂದೆ ಹೋಗುತ್ತಾಳೆ, ಗೋಲಾಗುತ್ತದೆ, ತಿರುಗಿ ನಗುತ್ತಾಳೆ. ಜಿಲ್ಲಾ ತಂಡದವರು ತಿಂಗಳ ಗಡುವು ಕೊಟ್ಟರು: ಕೂಗಲು ಕಲಿಯದಿದ್ದರೆ ಅವಳ ಜಾಗಕ್ಕೆ ಇನ್ನೊಬ್ಬಳು.

ಔಷಧಿ ನನಗೆ ಗೊತ್ತಿತ್ತು. ಹನುಮಣ್ಣನನ್ನು ಮೊದಲೇ ಕೇಳಿ ಬರೋಣವೆಂದು ತಳವಾರಘಟ್ಟಕ್ಕೆ ಹೋದೆ. ಹೊಳೆಗೆ ಈಗ ಸೇತುವೆ ಬಂದಿದೆ, ದಾಟುವವರು ಅತ್ತ ಹೋಗುತ್ತಾರೆ. ಹನುಮಣ್ಣ ಈಚೆ ದಡದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಾನೆ. ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ. ಅವನ ಸೊಸೆ ಪಕ್ಕದಲ್ಲಿ ಎಳನೀರು ಮಾರುತ್ತಿದ್ದಳು. ನಾನು ಹಿಂದಿನಿಂದ ಕರೆದೆ, ಹನುಮಣ್ಣ ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ.

"ಎಷ್ಟ್ ಒದರಿದ್ರೂ ಅಷ್ಟೇರಿ ಅಕ್ಕಾರ," ಎಂದಳು ಸೊಸೆ. "ಮಾವಗ ಕಿವಿ ಕೇಳಂಗಿಲ್ಲ. ಮುಂದ್ ಹೋಗಿ ನಿಂದರ್ರಿ, ತುಟಿ ನೋಡಿ ಅಷ್ಟಿಷ್ಟು ಅಂದಾಜು ಮಾಡ್ತಾನ."

"ಯಾವಾಗಿನಿಂದ?"

"ಹುಡುಗ ಇದ್ದಾಗ್ಲಿಂದ. ಸಂಡೂರ್ ಕಡಿ ಗಣಿಗೆ ಹೋಗ್ತಿದ್ನಂತ, ಅಲ್ಲಿ ಸಿಡಿಮದ್ದಿಗೆ ಹೋತು. ನಾ ಮದುವಿ ಆಗಿ ಬಂದಾಗ್ಲೂ ಹಿಂಗ ಇದ್ದ."

ನಾನು ಬಂಡೆಯ ಮೇಲೆ ಕುಳಿತೆ. ಹನುಮಣ್ಣ ನನ್ನನ್ನು ಕಂಡು ಬ್ರಷ್ಷು ಇಟ್ಟು ಬಂದು ಎದುರು ಕುಳಿತ. ಸೊಸೆ ಸನ್ನೆಯಲ್ಲಿ ನನ್ನ ಪ್ರಶ್ನೆ ಕೇಳಿದಳು: ಮತ್ತೆ ದಿನಾ ಹೇಗೆ ಬರುತ್ತಿದ್ದೆ?

"ನೀ ಮೊದಲ ಮೂರು ದಿನ ಕೈ ಕಟ್ಕೊಂಡು ನಿಂತಿದ್ದಿ," ಎಂದ ಹನುಮಣ್ಣ. ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಹೊಳಿ ನೋಡಾಕ ಬಂದೋರು ಕೈ ಕಟ್ಕೊಂಡು ನಿಂದರ್ತಾರ. ದಾಟೋರು ಕೈ ಎತ್ತತಾರ. ನಾಕನೇ ದಿನ ನೀ ಕೈ ಎತ್ತಿದಿ. ಬಂದೆ."

ಹೊಸಪೇಟೆಗೆ ಬಂದು ನೇರವಾಗಿ ಮೇಷ್ಟ್ರನ್ನು ಹುಡುಕಿದೆ. ಅವರು ಕ್ರೀಡಾಂಗಣದ ಪಕ್ಕದ ಚಹಾ ಅಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು.

"ಹನುಮಣ್ಣನಿಗೆ ಕಿವಿ ಕೇಳೋದಿಲ್ಲ ಅಂತ ನಿಮಗೆ ಗೊತ್ತಿತ್ತಾ, ಸರ್?"

"ಊರಿಗೆಲ್ಲ ಗೊತ್ತೈತಲ್ಲವ್ವ. ಅದಕ್ಕ ಅವನ್ನ ಆರಿಸಿದ್ದು. ಕಿವುಡಗ ಕೇಳೋಹಂಗ ಕೂಗಾಕ ಬಂದ್ರ ಡಿಫೆಂಡರ್‌ಗಳಿಗೆ ಕೇಳಂಗಿಲ್ಲೇನು?"

"ನನಗ್ಯಾಕ ಹೇಳಲಿಲ್ಲ?"

"ನೀ ಯಾರನ್ನಾರ ಏನಾರ ಕೇಳಿದ್ರ ತಾನ? ಹದಿನಾಕು ವರ್ಷ ಕೇಳಲಿಲ್ಲ. ಇವತ್ತು ಕೇಳಿದಿ, ಇವತ್ತು ಹೇಳೇನಿ. ಮಂಡಕ್ಕಿ ತಿನ್ನು."

ಶಂಕ್ರಮ್ಮನಿಗೆ ಫೋನ್ ಮಾಡಿದೆ. ಬೇರೆ ಯಾರಿಂದ ಸತ್ಯ ಸಿಗುತ್ತದೆ? "ನನ್ನ ಕೂಗು ನಿನಗೆ ಕೇಳಿಸುತ್ತಿತ್ತಾ?" ಎಂದು ಕೇಳಿದೆ.

"ಪ್ರಾಕ್ಟೀಸ್‌ನಾಗ ಕೇಳ್ತಿತ್ತು. ಮ್ಯಾಚ್‌ನಾಗ ಆ ಗದ್ದಲದಾಗ ಯಾರಿಗ್ ಕೇಳ್ತೈತಲೇ? ನಿನ್ನ ಕೈ ನೋಡ್ತಿದ್ವಿ. ಎಲ್ಲಾರೂ ಕೈನ ನೋಡ್ತಿದ್ವಿ. ಯಾಕ, ನಿನಗ ಗೊತ್ತಿರಲಿಲ್ಲೇನು?" ಎಂದಳು. ಆಮೇಲೆ ನಗತೊಡಗಿದಳು. ನಾನೇ ಫೋನ್ ಇಟ್ಟೆ.

ಅನವಶ್ಯಕ, ನಿಲ್ಲಿಸಬೇಕು ಎಂದು ತಜ್ಞ ಬರೆದಿದ್ದ ಆ ಕೈಯೇ ಹದಿನಾಲ್ಕು ವರ್ಷ ನನ್ನ ಕೆಲಸ ಮಾಡಿತ್ತು. ನಾನು ಸುಮ್ಮನೆ ಪಕ್ಕವಾದ್ಯ.

ಮರುದಿನ ದರೋಜಿಯ ಹುಡುಗಿಯನ್ನು ಹೊಳೆಗೆ ಕಳಿಸಲಿಲ್ಲ. ಮೈದಾನದ ಮೂಲೆಗೆ ಕರೆದು, ನೀನು ಕೂಗಬೇಕಾಗಿಲ್ಲ, ಕ್ಷಣ ಬಂದಾಗ ಕೈ ಎತ್ತು, ಪೂರ್ತಿ ಎತ್ತು, ಅಷ್ಟೇ ಎಂದೆ. ಉಳಿದ ಮೂವರಿಗೆ ಅವಳ ಕೈ ಮೇಲೆ ಒಂದು ಕಣ್ಣಿಡಲು ಹೇಳಿದೆ. ಅವಳು ತಲೆಯಾಡಿಸಿದಳು. ನಾವಿಬ್ಬರೂ ಆ ವಿಷಯವಾಗಿ ಮತ್ತೆ ಮಾತಾಡಿಲ್ಲ. ಗಡುವಿನ ದಿನ ಜಿಲ್ಲಾ ತಂಡದವರು ಬಂದು ನೋಡಿದರು. ಅವಳು ತುಟಿ ಬಿಚ್ಚಲಿಲ್ಲ. ಕೈ ಎತ್ತಿದಳು, ಎಂಟು ಸಲ, ನೆಟ್ಟಗೆ. ಎಂಟು ಸಲವೂ ನಾಲ್ವರ ಸಾಲು ಒಂದೇ ಕಾಲಿನಂತೆ ಸರಿಯಿತು. ಜಾಗ ಅವಳದಾಯಿತು.

ಆ ಪಂದ್ಯದಲ್ಲಿ ಒಂದೇ ಒಂದು ಅಚಾತುರ್ಯ ನಡೆಯಿತು, ಅದು ನನ್ನದು. ಅವಳ ಕೈ ಮೇಲೆ ಹೋದಾಗಲೆಲ್ಲ ಗೆರೆಯ ಆಚೆ ನಿಂತಿದ್ದ ನನ್ನ ಬಾಯಿಂದ ಆ ಹೆಸರು ತಾನಾಗಿ ಹೊರಬೀಳುತ್ತಿತ್ತು, ಮೈದಾನದ ಆಚೆ ತುದಿಯ ತೆಂಗಿನ ಮರಗಳಿಂದ ಹಕ್ಕಿಗಳು ಏಳುವಷ್ಟು ಜೋರಾಗಿ. ರೆಫರಿ ಎರಡು ಸಲ ಎಚ್ಚರಿಸಿದರು. ಮೂರನೇ ಸಲ ಬಂದು ಹಳದಿ ಕಾರ್ಡ್ ತೋರಿಸಿದರು. ಆಡುವಾಗ 'ಹತ್ತು'ಗಳಿಗೆ ಬಿದ್ದ ಹಳದಿಗಳಲ್ಲಿ ನನ್ನ ಪಾಲು ಒಂದೂ ಇರಲಿಲ್ಲ. ಇದೇ ಮೊದಲನೆಯದು. ಪಂದ್ಯದ ವರದಿಯಲ್ಲಿ ಕಾರಣದ ಜಾಗದಲ್ಲಿ ಹೀಗೆ ಬರೆದಿದ್ದಾರೆ: "ಕೋಚ್, ಅತಿಯಾಗಿ ಕೂಗುತ್ತಾರೆ."

ಅದರ ಒಂದು ಪ್ರತಿಯನ್ನು ಕೇಳಿ ಪಡೆದುಕೊಂಡಿದ್ದೇನೆ. ಮನೆಯ ಗೋಡೆಗೆ ನಾನು ಚೌಕಟ್ಟು ಹಾಕಿಸಿ ತೂಗುಹಾಕಿರುವ ಕಾಗದ ಅದೊಂದೇ.